ದಾಸೋಹಕ್ಕೆ ಹೊರಟ ರೊಟ್ಟಿಯ ಬುಟ್ಟಿ

ಕೊಪ್ಪಳ ಜಿಲ್ಲೆಯ ಮನೆಗಳ ಊಟವನ್ನು ನಿರ್ಧರಿಸಿದುದು ನೀರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದ ಬಳಿಕ ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಸೀಮೆಯಾಯಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳಲ್ಲಿ ಜೋಳ, ಸಜ್ಜೆಯ ರೊಟ್ಟಿಯೇ ಆಧಾರವಾಗಿ ಉಳಿಯಿತು. ಜೊತೆಗೆ ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು.

ಒಕ್ಕಲುಮನೆಯಲ್ಲಿ ಎತ್ತೂ ಕುಟುಂಬದ ಸದಸ್ಯನೇ. ಕಾರಹುಣ್ಣಿಮೆಗೆ ಅದರ ಕೊಂಬಿಗೆ ಬಣ್ಣ; ಮಣ್ಣೆತ್ತಿನ ಅಮಾವಾಸ್ಯೆಗೆ ಜಗುಲಿಯ ಮೇಲೆ ಮಣ್ಣಿನ ಜೋಡೆತ್ತು. ಟ್ರ್ಯಾಕ್ಟರ್ ಬಂದು ಎಷ್ಟೋ ಮನೆಗಳ ಗೋದಲಿ ಬರಿದಾಗಿದೆ. ಮಣ್ಣೆತ್ತಿನ ಪೂಜೆ ಮಾತ್ರ ತಪ್ಪಿಲ್ಲ.

ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ದಾಸೋಹಕ್ಕಾಗಿ ಹಳ್ಳಿಹಳ್ಳಿಗಳಿಂದ ರೊಟ್ಟಿ, ಮಾದಲಿ ಹರಿದುಬರುತ್ತವೆ. ಬಂದವರು ಮಠದ ಬೆಟ್ಟದ ಮೇಲಿನ ಅಶೋಕನ ಶಾಸನವನ್ನೂ, 1112ರಲ್ಲಿ ಕಟ್ಟಿಸಿದ ಇಟಗಿಯ ಮಹಾದೇವ ದೇವಾಲಯವನ್ನೂ ಮಕ್ಕಳಿಗೆ ತೋರಿಸಬೇಕು. ಮರಳುವಾಗ ಕಿನ್ನಾಳದ ಬಣ್ಣದ ಗೊಂಬೆಯೊಂದನ್ನು ಕೊಡಿಸಬೇಕು.

ಕಟಕರೊಟ್ಟಿ ಇಂದು ಅಂಗಡಿಯಲ್ಲಿಯೂ ದೊರೆಯುತ್ತದೆ. ಕೊಂಡು ತಂದರೆ ಬುಟ್ಟಿಯೇನೋ ತುಂಬೀತು, ರೊಟ್ಟಿ ತಟ್ಟುವ ಕೈ ಮಾತ್ರ ಮರೆಯಾದೀತು. ಓಣಿಯ ತಾಯಂದಿರು ಒಲೆಯ ಸುತ್ತ ಕೂಡಿ ತಟ್ಟುವಾಗ ಮಗಳನ್ನಷ್ಟೇ ಅಲ್ಲ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಹದವಾಗಿ ಹಿಟ್ಟು ನಾದುವುದನ್ನು ಅವನೂ ಕಲಿತರೆ ನಾಳಿನ ಬುಟ್ಟಿಗೂ ಮನೆಯ ರೊಟ್ಟಿ ಉಂಟು.