ಬೆಟ್ಟವಿಳಿದ ಮರುದಿನ

17ನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿಬೆಟ್ಟದ ಮೆಟ್ಟಿಲುಗಳು ಸುಮಾರು 1000. ಅವನ್ನು ಹತ್ತುವಾಗ ಏದುಸಿರು ಬರುವುದು. ಇಳಿಯುವಾಗ ಉಸಿರಿಗೆ ಅಷ್ಟು ಶ್ರಮವಿಲ್ಲ. ಆದರೂ ಮರುದಿನ ತೊಡೆಗಳು ನೊಂದು, ಮನೆಯ ಜಗಲಿಯಿಂದಿಳಿಯುವುದೂ ಕಷ್ಟವಾಗುವುದುಂಟಷ್ಟೆ. ಇದು ಬಹುಮಟ್ಟಿಗೆ ಇಳಿದುದರ ಫಲವೇ ಹೊರತು ಹತ್ತಿದುದರ ಫಲವಲ್ಲ. ಮಗಳು ಕುಂಟುವುದನ್ನು ಕಂಡ ತಾಯ್ತಂದೆಗಳು, ಹೆಣ್ಣುಮಕ್ಕಳಿಗೆ ಇಂಥ ಶ್ರಮ ಸಲ್ಲದೆಂದು ಆಟ ವ್ಯಾಯಾಮಗಳನ್ನೇ ಬಿಡಿಸುವುದುಂಟು. ಆದುದರಿಂದ ಮಾಂಸಖಂಡಗಳ ಗುಣವನ್ನು ಕೊಂಚ ವಿಚಾರಿಸುವುದು ಯುಕ್ತ.

ನಮ್ಮ ಇಚ್ಛೆಗೊಳಪಟ್ಟ ಮಾಂಸಖಂಡಗಳು 600ಕ್ಕೂ ಮಿಕ್ಕಿವೆ. ಹೃದಯ, ಕರುಳು ಮೊದಲಾದವುಗಳ ಮಾಂಸಖಂಡಗಳು ನಮ್ಮ ಅಪ್ಪಣೆಯನ್ನು ಕಾಯುವುದಿಲ್ಲ. ಅವುಗಳ ಮಾತು ಇಲ್ಲಿ ಬೇಡ. ನರದ ಪ್ರೇರಣೆ ಬಂದೊಡನೆ ಮಾಂಸಖಂಡವು ಸಂಕೋಚಿಸುವುದು. ಅದು ಎಳೆಯಬಲ್ಲುದೇ ಹೊರತು ತಳ್ಳಲಾರದು. ಆದುದರಿಂದಲೇ ಮೊಣಕೈಯನ್ನು ಮಡಿಸಲು ತೋಳಿನ ಮುಂಭಾಗದ ಖಂಡವೂ ಚಾಚಲು ಹಿಂಭಾಗದ ಖಂಡವೂ ಬೇಕಾಗಿವೆ. ಎಳೆದರೆ ನೀಳವಾಗುವುದು, ಬಿಟ್ಟರೆ ಮೊದಲಿನಂತಾಗುವುದು ಅದರ ಇನ್ನೆರಡು ಗುಣಗಳು. ಕೆಲಸದೊಡನೆ ಶಾಖವೂ ಹುಟ್ಟುವುದು. ಚಳಿಯಲ್ಲಿ ನಡುಗುವುದು ಮೈಯನ್ನು ಬೆಚ್ಚಗಿಡುವ ಉಪಾಯವೇ.

ಇನ್ನು ಬೆಟ್ಟಕ್ಕೆ ಬರೋಣ. ಹತ್ತುವಾಗ ತೊಡೆಯ ಮುಂಭಾಗದ ಮಾಂಸಖಂಡಗಳು ಕುಗ್ಗುತ್ತ ಮೈಯನ್ನು ಮೇಲೆತ್ತುವುವು. ಇಳಿಯುವಾಗ ಅವೇ ಖಂಡಗಳು ಭಾರವನ್ನು ಬಿಗಿಹಿಡಿದುಕೊಂಡೇ ನೀಳವಾಗುತ್ತ ಹೋಗಬೇಕು. ಅಟ್ಟದ ಮೇಲಿನ ಮೂಟೆಯನ್ನು ಹಗ್ಗದಿಂದ ಮೆಲ್ಲಮೆಲ್ಲನೆ ಇಳಿಬಿಡುವವನ ಹಾಗೆ. ಇದಕ್ಕೆ ವ್ಯಯವಾಗುವ ಶಕ್ತಿ ಕಡಮೆ, ಆದುದರಿಂದ ಏದುಸಿರಿಲ್ಲ. ಆದರೆ ಭಾರವೆಲ್ಲ ಕೆಲವೇ ಎಳೆಗಳ ಮೇಲೆ ಬಿದ್ದು, ಅವುಗಳಲ್ಲಿ ಕಣ್ಣಿಗೆ ಕಾಣದ ಹರಕುಗಳಾಗುವುವು. ಹತ್ತಿಹೋಗಿ ಬಸ್ಸಿನಲ್ಲಿ ಮರಳುವವರು ಶ್ರಮವನ್ನುಳಿಸಿದೆವೆಂದುಕೊಳ್ಳುವರು. ಅವರು ಉಳಿಸಿದ್ದು ನೋವನ್ನು!

ಈ ನೋವಿಗೆ ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಆ ಆಮ್ಲವು ಶ್ರಮ ನಿಂತ ಒಂದೆರಡು ಗಂಟೆಗಳಲ್ಲೇ ರಕ್ತದಿಂದ ಕಳೆದುಹೋಗುವುದು. ಮರುದಿನದ ನೋವಿಗೆ ಅದು ಹೊಣೆಯಾಗಲಾರದು. ಹರಕುಗಳನ್ನು ದೇಹವು ಸರಿಪಡಿಸುವಾಗ ಬಾವು ನೋವುಗಳು ತೋರುವುವು. ಅವು ಒಂದರಿಂದ ಮೂರು ದಿನಗಳಲ್ಲಿ ಹೆಚ್ಚಿ, ವಾರದೊಳಗೆ ಅಡಗುವುವು. ಹೀಗೆ ಒಮ್ಮೆ ಪಳಗಿದ ಖಂಡಕ್ಕೆ ಅದೇ ಇಳಿತವು ಮುಂದಿನ ಸಲ ಬಹಳ ಕಡಮೆ ನೋವನ್ನು ಕೊಡುವುದು. ಹುಡುಗಿಯರಿಗೂ ಹುಡುಗರಿಗೂ ಈ ನಿಯಮ ಒಂದೇ. ನೋವೆಂದು ಬಿಡಿಸಿದರೆ ಈ ಅಭ್ಯಾಸಬಲವೇ ತಪ್ಪಿಹೋಗುವುದು.

ಮೊದಲ ಸಲ ನಂದಿಯವರೆಗೆ ಮಾತ್ರ ಹೋಗಿ ನಿಧಾನವಾಗಿ ಇಳಿದರೆ ಸಾಕು. ಮರುದಿನ ಸ್ವಲ್ಪ ನಡೆದಾಡುವುದರಿಂದ ಬಿಗಿತ ಸಡಿಲವಾಗುವುದು. ಆದರೆ ಮೂತ್ರವು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾದರೆ, ಕಾಲು ಬಹಳವಾಗಿ ಊದಿಕೊಂಡರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.