ಅಪಘಾತದ ಗಾಯ: ಚಿಕಿತ್ಸೆಯ ದಾಖಲೆ, ಪರಿಹಾರದ ಹಕ್ಕು

ಕಬ್ಬು ಸಾಗಿಸುವ ದಿನಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಓಡಾಟ ಹೆಚ್ಚು. ಅಪಘಾತವಾದಾಗ ಕೆಲವರು ಅಷ್ಟಿಷ್ಟು ಹಣಕ್ಕೆ ರಾಜಿಯಾಗಿ, ನಾಟಿ ವೈದ್ಯರಲ್ಲಿ ಕಟ್ಟು ಹಾಕಿಸಿಕೊಂಡು ಸುಮ್ಮನಾಗುವುದನ್ನು ನಾವು ಕಾಣುತ್ತೇವೆ. ಮೂಳೆ ಸೊಟ್ಟಗೆ ಕೂಡಿದರೆ ದುಡಿಮೆ ನಿಲ್ಲುತ್ತದೆ. ದಾಖಲೆಯಿಲ್ಲದೆ ಪರಿಹಾರವೂ ಕೈತಪ್ಪುತ್ತದೆ.

ಆದ್ದರಿಂದ ಗಾಯಾಳುವನ್ನು ಮೊದಲು ಆಸ್ಪತ್ರೆಗೆ ಸೇರಿಸಿ, ಇದು ರಸ್ತೆ ಅಪಘಾತವೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು. ‘ಜಾರಿ ಬಿದ್ದದ್ದು’ ಎಂದು ಬರೆಸಿದರೆ ಮುಂದೆ ಅದೇ ತೊಡಕಾಗುತ್ತದೆ. ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಗಾಯದ ಪ್ರಮಾಣಪತ್ರ, ಬಿಡುಗಡೆ ಪತ್ರ, ಎಕ್ಸ್‌ರೇ, ಔಷಧದ ರಸೀದಿಗಳನ್ನು ಜೋಪಾನವಾಗಿಡಬೇಕು.

1988ರ ಮೋಟಾರು ವಾಹನ ಕಾಯ್ದೆಯಂತೆ, ಪುಣೆ, ಮುಂಬಯಿಗಳಲ್ಲಿ ಅಪಘಾತವಾಗಿದ್ದರೂ ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೇ ಅರ್ಜಿ ಸಲ್ಲಿಸಬಹುದು. ಆರು ತಿಂಗಳೊಳಗೆ ಸಲ್ಲಿಸುವುದು ಕ್ಷೇಮ.

ಪರಿಹಾರವು ಔಷಧದ ಖರ್ಚಿಗಷ್ಟೇ ಸೀಮಿತವಲ್ಲ. ನೋವು, ತಪ್ಪಿದ ಕೂಲಿ, ಮುಂದಿನ ಗಳಿಕೆಯ ನಷ್ಟವೂ ಅದರಲ್ಲಿ ಸೇರುತ್ತವೆ. ಅಂಗವೈಕಲ್ಯದ ಶೇಕಡಾ ಪ್ರಮಾಣಕ್ಕಿಂತ, ಅದು ಆ ವ್ಯಕ್ತಿಯ ಗಳಿಕೆಯನ್ನು ಎಷ್ಟು ಕುಂದಿಸಿತೆಂಬುದೇ ಮುಖ್ಯವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿದೆ. ಕಾಲು ಊನವಾದ ಗುಮಾಸ್ತನ ನಷ್ಟವೂ ಹಮಾಲನ ನಷ್ಟವೂ ಒಂದೇ ಅಲ್ಲ. ಆದುದರಿಂದ ಚಿಕಿತ್ಸೆಯ ಕಾಗದದಲ್ಲಿ ತಮ್ಮ ಕಾಯಕವನ್ನೂ ಬರೆಸಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.