ಅಟ್ಟದ ಮೇಲಿನ ಅಚ್ಚು ಇಳಿಸಿ

ಸಂಕ್ರಾಂತಿ ಹತ್ತಿರ ಬಂತೆಂದರೆ ಎಳ್ಳು ಹಸನು ಮಾಡುವುದು, ಬೆಲ್ಲ-ಕೊಬ್ಬರಿ ಹೆಚ್ಚಿ ಒಣಗಿಸುವುದು ಎಲ್ಲರ ಮನೆಯಲ್ಲೂ ಶುರು. ಆದರೆ ಸಕ್ಕರೆ ಅಚ್ಚಿನ ಮಾತು ಬಂದರೆ ಮಾತ್ರ, “ಅಯ್ಯೋ, ಅದ್ಯಾರು ಮಾಡ್ತಾರೆ, ಅಂಗಡಿಯಿಂದ ತಂದರಾಯ್ತು” ಅಂದುಬಿಡುತ್ತೇವೆ. ಅಜ್ಜಿಯ ಕಾಲದ ಮರದ ಅಚ್ಚುಗಳು ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತವೆ.

ನಾನೂ ಹಾಗೆ ಅಂದವಳೇ. ನಮ್ಮ ಅತ್ತೆಯವರು ಗಿಣಿ, ಆನೆ, ರಥ, ತುಳಸಿಕಟ್ಟೆ ಎಲ್ಲವನ್ನೂ ಸರಸರನೆ ಎರೆದು ತೆಗೆಯುತ್ತಿದ್ದರು. “ಎಷ್ಟು ಹೊತ್ತು ಕಾಯಿಸಬೇಕು?” ಎಂದರೆ, “ಹದ ಬರೋವರೆಗೆ ಕಣಮ್ಮ” ಅನ್ನುತ್ತಿದ್ದರು. ಪಕ್ಕದಲ್ಲಿ ಕೂತು ನೋಡುವಷ್ಟು ವ್ಯವಧಾನ ನನಗಿರಲಿಲ್ಲ. ಅವರು ತೀರಿಕೊಂಡ ವರ್ಷ ಹಬ್ಬವಿಲ್ಲ. ಮರುವರ್ಷ ಮಗಳು, “ಅಜ್ಜಿ ಮಾಡ್ತಿದ್ದ ಗಿಣಿ ಬೇಕು” ಎಂದು ಹಟ ಹಿಡಿದಳು. ಒಣ ಅಚ್ಚಿಗೆ ಪಾಕ ಸುರಿದೆ. ಗಿಣಿಯ ಮೈ ಕೈಗೆ ಬಂತು, ತಲೆ ಮರಕ್ಕೇ ಅಂಟಿಕೊಂಡಿತು! ಅಂದು ಕೆಟ್ಟಿದ್ದರಿಂದಲೇ ಕಲಿತದ್ದನ್ನು ನಿಮಗೆ ಹೇಳುತ್ತೇನೆ.

ಅಚ್ಚಿನ ಸಿದ್ಧತೆ

ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ, ಗೊಂಬೆ ಸಲೀಸಾಗಿ ಬಿಡುತ್ತದೆ. ಬೆಳಿಗ್ಗೆ ಕೊಡವಿ, ಎರಡು ಹೋಳನ್ನೂ ಸರಿಯಾಗಿ ಜೋಡಿಸಿ, ರಬ್ಬರ್ ಬ್ಯಾಂಡ್ ಅಥವಾ ದಾರದಿಂದ ಬಿಗಿಯಾಗಿ ಕಟ್ಟಿ. ಪಾಕ ಎರೆಯುವ ಬಾಯಿ ಮೇಲಿರುವಂತೆ ತಟ್ಟೆಯಲ್ಲಿ ನಿಲ್ಲಿಸಿ.

ಪಾಕದ ಹದ

1 ಕೆಜಿ ಸಕ್ಕರೆಗೆ ಅದು ಮುಳುಗುವಷ್ಟು ನೀರು ಹಾಕಿ ಕುದಿಸಿ. 2-3 ಚಮಚ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ. ಇದಕ್ಕೆ ನಾಲ್ಕೈದು ಹನಿ ನಿಂಬೆರಸ ಸಾಕು. ಇದರಿಂದ ಸಕ್ಕರೆ ದಪ್ಪ ಹರಳಾಗದೆ ಗೊಂಬೆ ನುಣುಪಾಗುತ್ತದೆ. ಹೆಚ್ಚಾದರೆ ಪಾಕ ಗಟ್ಟಿಯಾಗುವುದೇ ಇಲ್ಲ, ಜೋಕೆ!

ಎಲ್ಲ ಪಾಕವನ್ನೂ ಒಟ್ಟಿಗೆ ಹದಕ್ಕೆ ತರಬೇಡಿ. ಎರಡು ಸೌಟಿನಷ್ಟನ್ನು ಹಿಡಿಯಿರುವ ಪುಟ್ಟ ಪಾತ್ರೆಗೆ ಹಾಕಿ ಕಾಯಿಸಿ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟಬೇಕು. ಆಗ ಒಲೆಯಿಂದ ಇಳಿಸಿ, ಮರದ ಸೌಟಿನಿಂದ ಪಾತ್ರೆಯ ಬದಿಗೆ ತಿಕ್ಕುತ್ತಾ ಕದಡಿ. ನೋಡನೋಡುತ್ತಿದ್ದಂತೆ ತಿಳಿಯಾದ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಅದೇ ಅತ್ತೆಯವರು ಹೇಳುತ್ತಿದ್ದ ಹದ! ತಕ್ಷಣ ಅಚ್ಚಿಗೆ ಸುರಿಯಿರಿ. ಮುಂಚೆ ಸುರಿದರೆ ಅಂಟು, ತಡವಾದರೆ ಪಾತ್ರೆಯಲ್ಲೇ ಕಲ್ಲು. ಕಲ್ಲಾಯಿತೆಂದು ಕಣ್ಣೀರು ಹಾಕಬೇಡಿ. ಸ್ವಲ್ಪ ನೀರು ಬೆರೆಸಿ ಮತ್ತೆ ಕಾಯಿಸಿ, ಒಂದು ಹರಳೂ ದಂಡವಾಗುವುದಿಲ್ಲ.

ಪೂರ್ತಿ ಗಟ್ಟಿಯಾದ ಮೇಲೆ ಕಟ್ಟು ಬಿಚ್ಚಿ, ಹೋಳುಗಳನ್ನು ನಿಧಾನವಾಗಿ ಅಗಲಿಸಿ. ಗೊಂಬೆಗಳನ್ನು ಬಟ್ಟೆಯ ಮೇಲೆ ಹರಡಿ, ಚೆನ್ನಾಗಿ ಒಣಗಿದ ಮೇಲೆ ಡಬ್ಬಿಗೆ ತುಂಬಿ. ಅಚ್ಚುಗಳನ್ನು ಬರಿಯ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ.

ಒಂದು ಎಚ್ಚರಿಕೆ. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿ, ಮೈಮೇಲೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಅಚ್ಚು ಬಿಚ್ಚುವಾಗ ಕರೆಯಿರಿ, ಆ ಸಂಭ್ರಮ ಅವರದೇ.

ಈಗ ನಮ್ಮನೆಯ ಗಿಣಿಗೆ ತಲೆಯಿದೆ. ಆದರೂ ಕೊಕ್ಕು ಅತ್ತೆಯವರು ಮಾಡುತ್ತಿದ್ದಷ್ಟು ಚೂಪಾಗಿ ಬರುವುದಿಲ್ಲ. ಅದೇಕೆ ಎಂದು ಕೇಳೋಣವೆಂದರೆ ಅವರಿಲ್ಲ. ನಿಮ್ಮ ಮನೆಯಲ್ಲಿ ತಾಯಿಯೋ ಅತ್ತೆಯೋ ಇದ್ದರೆ, ಈ ಸಲ ಒಲೆಯ ಮುಂದೆ ಅವರಿಗೊಂದು ಮಣೆ ಹಾಕಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಎಳ್ಳು ಬೀರುವ ತಟ್ಟೆಯಲ್ಲಿ ನಿಮ್ಮ ಕೈಯಾರೆ ಮಾಡಿದ ಒಂದು ಗಿಣಿಯಾದರೂ ಇರಲಿ!